ಪಕ್ಕದ ಮನೆಯವರಿಗೆ ಸವಲತ್ತು ಕೊಡಿಸಬೇಕು, ಎಲ್ಲಿಂದ ಶುರು ಮಾಡೋದು? (ಕುಮಟಾ ಹತ್ತಿರ)

ಅಘನಾಶಿನಿ ದಂಡೆ:
ನಮ್ಮ ಪಕ್ಕದ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ, ಜೊತೆಗೆ ಮೂವತ್ತು ದಾಟಿದ ಮಗ. ಹುಟ್ಟಿದಾಗಿಂದ ಅವನಿಗೆ ಬುದ್ಧಿ ಬೆಳವಣಿಗೆ ಕಮ್ಮಿ. ಸ್ನಾನ, ಊಟ ಎಲ್ಲ ಆಯಿನೇ (ಅವನ ಅಮ್ಮ) ಮಾಡಿಸಬೇಕು. ಈಗ ಅವರಿಗೇ ಮೊಣಕಾಲು ನೋವು, ಬಾವಿಯಿಂದ ಒಂದು ಕೊಡ ನೀರು ಸೇದಿ ಕಟ್ಟೆ ಮೇಲೆ ಕೂತುಬಿಡ್ತಾರೆ. ಮಗನ ಹೆಸರಲ್ಲಿ ಆಧಾರ್ ಬಿಟ್ಟರೆ ಒಂದು ಕಾಗದ ಇಲ್ಲ. ಹಿಂದೆ ಯಾವುದೋ ಕಚೇರಿಗೆ ಹೋಗಿದ್ದರಂತೆ, ಅದು ಇಲ್ಲಿ ಅಲ್ಲ ಅಲ್ಲಿ ಅಂದರಂತೆ, ಅಲ್ಲಿಗೆ ಬಿಟ್ಟರು. ನಾಲ್ಕು ಜನರ ಮುಂದೆ ಮಗನನ್ನು ಕರೆದುಕೊಂಡು ಹೋಗೋಕೆ ಅಪ್ಪನಿಗೆ ಮನಸ್ಸೂ ಇಲ್ಲ. ನಾನು ಓಡಾಡೋಕೆ ರೆಡಿ, ಯಾರನ್ನು ಹಿಡಿಯಬೇಕು ಹೇಳಿ.

ಪಂಚಾಯ್ತಿ ಕಟ್ಟೆ:
ಮೊದಲು ನಿಮ್ಮ ಗ್ರಾಮ ಪಂಚಾಯ್ತಿಗೆ ಹೋಗಿ ವಿಆರ್‌ಡಬ್ಲ್ಯೂ ಯಾರು ಅಂತ ಕೇಳಿ. ಅಂಗವಿಕಲರ ಕೆಲಸಕ್ಕೆ ಅಂತಲೇ ಇರೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇವರು, ಹೆಚ್ಚಿನವರು ತಾವೂ ಅಂಗವಿಕಲರೇ. ಪಂಚಾಯ್ತಿಯಲ್ಲಿ ಆ ಜಾಗ ಖಾಲಿ ಇದ್ದರೆ ತಾಲೂಕು ಪಂಚಾಯ್ತಿಯಲ್ಲಿ ಎಂಆರ್‌ಡಬ್ಲ್ಯೂ ಅಂತ ತಾಲೂಕು ಮಟ್ಟದ ಪುನರ್ವಸತಿ ಕಾರ್ಯಕರ್ತರು ಇರ್ತಾರೆ.

ಜನ ಯಾಕೆ ತಿರುಗಿ ತಿರುಗಿ ಸುಸ್ತಾಗ್ತಾರೆ ಅಂದರೆ, ಅಂಗವೈಕಲ್ಯ ಎಷ್ಟು ಶೇಕಡ ಅಂತ ಬರೆಯೋದು ಆಸ್ಪತ್ರೆಯವರು, ಪಿಂಚಣಿ ಕೊಡೋದು ಕಂದಾಯ ಇಲಾಖೆಯವರು, ಉಳಿದ ಸವಲತ್ತು ಇನ್ನೊಂದು ಇಲಾಖೆ. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿರಲ್ಲ, ಗೊತ್ತಿದ್ದರೂ ಹೇಳಲ್ಲ ಬಿಡಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮೊದಲು, ಅದಿಲ್ಲದೆ ಮುಂದಿನದು ಯಾವುದೂ ಇಲ್ಲ. ಗ್ರಾಮ ಒನ್‌ನಲ್ಲಿ ಅರ್ಜಿ ಹಾಕಿಸಿ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಾಡಕಚೇರಿಯಲ್ಲಿ ಪಿಂಚಣಿ ಅರ್ಜಿ. ಅಪ್ಪನಿಗೆ 65 ಆಗಿದೆಯಾ? ಸಂಧ್ಯಾ ಸುರಕ್ಷಾ (ವಯಸ್ಸಾದವರ ಪಿಂಚಣಿ) ಬರುತ್ತಾ ಅಂತ ಅಲ್ಲೇ ಕೇಳಿ.

ಘಟ್ಟದ ಮೇಲಿನವಳು:
ನಾನು ಶಿರಸಿ ಕಡೆಯವಳು. ಅಕ್ಕನ ಮಗನಿಗೆ ಇದೇ ಕೆಲಸ ಮಾಡಿಸಿದ್ವಿ. ಬುದ್ಧಿಮತ್ತೆ ಪರೀಕ್ಷೆ ಇರುತ್ತೆ, ಅದಕ್ಕೆ ಅವನು ಬರಲೇಬೇಕು, ತಪ್ಪಿಸೋಕಾಗಲ್ಲ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವತ್ತು ಬರ್ತಾರೆ, ಪರೀಕ್ಷೆ ಅಲ್ಲೇ ಆಗುತ್ತಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಇಲ್ಲಾಂದ್ರೆ ಕಾರವಾರದ ಜಿಲ್ಲಾಸ್ಪತ್ರೆ. ಗದ್ದಲ ಅಂದ್ರೆ ನಮ್ಮ ಹುಡುಗನಿಗೆ ಆಗಲ್ಲ. ಅವನ ಹಳೇ ಟಾರ್ಚ್ ಕೈಗೆ ಕೊಟ್ಟಿದ್ವಿ, ಸರದಿ ಬರೋವರೆಗೂ ಆನ್ ಆಫ್ ಮಾಡುತ್ತಾ ಕೂತಿದ್ದ.

ಇನ್ನೊಂದು ಮಾತು, ಇದು ಮುಖ್ಯ. ಪರೀಕ್ಷೆ ಮಾಡೋರು ತಾಯಿಯನ್ನೂ ಕೇಳ್ತಾರೆ. ಅಂಗಿ ಗುಂಡಿ ತಾನೇ ಹಾಕಿಕೊಳ್ತಾನಾ, ಅಂಗಡಿಗೆ ಒಬ್ಬನೇ ಹೋಗ್ತಾನಾ, ಚಿಲ್ಲರೆ ಎಣಿಸ್ತಾನಾ ಅಂತ. ಅಕ್ಕ 'ಎಲ್ಲ ಮಾಡ್ತಾನೆ' ಅಂದುಬಿಟ್ಟಳು! ಮಗನನ್ನು ಬಿಟ್ಟುಕೊಡೋಕೆ ಯಾವ ತಾಯಿಗೆ ಮನಸ್ಸು ಬರುತ್ತೆ ಹೇಳಿ. ಗುಂಡಿ ನಾವೇ ಹಾಕೋದು ಅಂತ ಭಾವ ಪಕ್ಕದಿಂದ ಹೇಳಿದ್ದಕ್ಕೆ ಆಯ್ತು. ನಿಮ್ಮ ಆಯಿಗೆ ಮನೆಯಲ್ಲೇ ಹೇಳಿ, ಇದ್ದದ್ದು ಇದ್ದ ಹಾಗೆ ಹೇಳಲಿ.

ಬಸ್ಸಿಗೆ ಆಯಿಗೆ ಶಕ್ತಿ ಯೋಜನೆ ಇದೆ. ಕಾರ್ಡ್ ಆದಮೇಲೆ ಮಗನಿಗೆ ರಿಯಾಯಿತಿ ಪಾಸ್ ಸಿಗುತ್ತೆ, ಮನೆಯಿಂದ 100 ಕಿಲೋಮೀಟರ್ ವರೆಗೆ. ಕುಮಟಾದಿಂದ ಕಾರವಾರ ಅದರೊಳಗೆ ಬರುತ್ತೆ. ನಮಗೆ ಶಿರಸಿಯವರಿಗೆ ಜಿಲ್ಲಾ ಕೇಂದ್ರವೇ ಪಾಸಿನ ಆಚೆ, ಏನು ಹೇಳೋದು.

ಬಾಂಗಡೆ ಬುತ್ತಿ:
ಇಷ್ಟೆಲ್ಲ ಯಾಕೆ, 14567ಕ್ಕೆ ಫೋನ್ ಮಾಡಿ ಮಾರಾಯ್ರೇ. ಹಿರಿಯ ನಾಗರಿಕರ ಸಹಾಯವಾಣಿ.

ಪಂಚಾಯ್ತಿ ಕಟ್ಟೆ:
ಮಾಡಲಿ, ತಪ್ಪಿಲ್ಲ. ಮಾಹಿತಿ ಕೊಡ್ತಾರೆ. ಆದರೆ ಆಯಿಯ ಕೈ ಹಿಡಿದು ಬಸ್ ಹತ್ತಿಸೋಕೆ ಫೋನಿಂದ ಯಾರೂ ಬರಲ್ಲ ಅಲ್ವಾ. ಆಯಿಗೆ ರಾತ್ರಿ ನಿದ್ದೆ ಇಲ್ಲ, ಸಂಕಟ ಅಂತಿದ್ದರೆ 14416 ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡ್ತಾರೆ.

ಅಘನಾಶಿನಿ ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಅವರ ಮನೆಗೆ ಹೋಗಿ ಹೇಳಿದೆ. ಆಯಿ ಒಪ್ಪಿದರು. ಅಪ್ಪ ಸುಮ್ನೆ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಆಮೇಲೆ 'ಪಿಂಚಣಿ ಇರಲಿ, ನಾವು ಹೋದಮೇಲೆ ಇವನನ್ನು ಯಾರು ನೋಡ್ತಾರೆ, ಅದಕ್ಕೇನಾದ್ರೂ ಇದೆಯಾ' ಅಂದರು. ಅವರಿಗೆ ಮಗಳೊಬ್ಬಳು ಇದ್ದಾಳೆ, ಅಂಕೋಲಾಕ್ಕೆ ಕೊಟ್ಟಿದ್ದಾರೆ.

ಕೋಡಿಬಾಗ:
ಇದೆ, ತುಂಬ ಜನರಿಗೆ ಗೊತ್ತಿಲ್ಲ. 18 ತುಂಬಿದ ಮೇಲೆ ಕಾನೂನಿನ ಲೆಕ್ಕದಲ್ಲಿ ಅಪ್ಪ ಅಮ್ಮ ತಾವಾಗೇ ಪೋಷಕರು (ಗಾರ್ಡಿಯನ್) ಆಗಿರಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರೋರಿಗೆ ಪೋಷಕರನ್ನು ನೇಮಿಸೋಕೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತೆ. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಕೋರ್ಟಿಗೆ ಹೋಗೋದು ಬೇಡ. ತಂದೆ ತಾಯಿ ಅರ್ಜಿ ಹಾಕಬಹುದು, ಒಡಹುಟ್ಟಿದವರೂ ಹಾಕಬಹುದು. ಮಗಳ ಹತ್ತಿರ ಈಗಲೇ ಮಾತಾಡಿಟ್ಟುಕೊಳ್ಳಲಿ, ಅಳಿಯನೂ ಕೂತಿರೋವಾಗ.

ಅದೇ ಟ್ರಸ್ಟಿನ ನಿರಾಮಯ ಅಂತ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಇದೆ. ಎಲ್ಲದಕ್ಕೂ ಅಂಗವಿಕಲತೆ ಪ್ರಮಾಣಪತ್ರ ಬೇಕೇ ಬೇಕು, ಹಾಗಾಗಿ ಆ ಆಸ್ಪತ್ರೆ ಕೆಲಸ ಮೊದಲು ಮುಗಿಸಿ. ಹೋಗೋ ಮುಂಚೆ ಆಧಾರ್‌ನಲ್ಲಿ ಹುಡುಗನ ಹೆಸರು, ಹುಟ್ಟಿದ ತಾರೀಕು ಸರಿ ಇದೆಯಾ ನೋಡಿ. ಕಾರ್ಡ್‌ನಲ್ಲಿ ಒಂಥರಾ, ಆಧಾರ್‌ನಲ್ಲಿ ಒಂಥರಾ ಆದರೆ ಪಿಂಚಣಿ ಅರ್ಜಿ ಅಲ್ಲೇ ನಿಲ್ಲುತ್ತೆ.