.223 ರೈಫಲ್‌ನಲ್ಲಿ 77 ಗ್ರೇನ್ ಗುಂಡು ಕಾಗದಕ್ಕೆ ಅಡ್ಡಡ್ಡ ಬೀಳುತ್ತಿದೆ, ಯಾವ ತೂಕ ಆರಿಸಲಿ?

ಆಸ್ಟಿನ್ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ನಾನು ಟೆಕ್ಸಾಸ್‌ನಲ್ಲಿದ್ದೇನೆ. 600 ಗಜದ ಪ್ರೋನ್ (ಮಲಗಿ ಹೊಡೆಯುವ) ಮ್ಯಾಚ್‌ಗೆ ಇಳಿಯಬೇಕೆಂಬ ಆಸೆ. ಅದಕ್ಕಾಗಿ ದಪ್ಪ ಬ್ಯಾರೆಲ್‌ನ ಹಳೆಯ .223 ಬೋಲ್ಟ್ ಆಕ್ಷನ್ ರೈಫಲ್ ತೆಗೆದುಕೊಂಡೆ. 55 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿಗೆ 100 ಗಜದಲ್ಲಿ ಇಂಚಿನ ಆಸುಪಾಸು ಗ್ರೂಪ್ ಬರುತ್ತದೆ, ಅಂದರೆ ತೂತುಗಳೆಲ್ಲ ಅಷ್ಟರೊಳಗೇ ಬೀಳುತ್ತವೆ. ಇಲ್ಲಿ ತುಂಬಾ ಜನ 77 ಗ್ರೇನ್ ಹೊಡೆಯುತ್ತಾರೆ, ಹಾಗಾಗಿ ಅದೇ ತೂಕದ ಫ್ಯಾಕ್ಟರಿ ಮ್ಯಾಚ್ ಮದ್ದು (ತೋಟಾ) ತಂದೆ. ಗ್ರೂಪ್ ಅನ್ನೋದೇ ಬರುತ್ತಿಲ್ಲ. ತೂತುಗಳು ದುಂಡಗಿಲ್ಲ, ಉದ್ದಕ್ಕೆ ಸೀಳಿದ ಹಾಗಿವೆ. 200 ಗಜದಲ್ಲಿ ಕೆಲವು ಟಾರ್ಗೆಟ್ಟಿಗೇ ತಾಗಲಿಲ್ಲ. ಸ್ಕೋಪ್ ಮೌಂಟ್ ಬಿಗಿಯಾಗಿದೆ. ಬ್ಯಾರೆಲ್ ಕ್ಲೀನ್ ಮಾಡಿಯೂ ನೋಡಿದೆ. ಬ್ಯಾರೆಲ್ ಸವೆದುಹೋಗಿದೆಯಾ? ಭಾರದ ಗುಂಡು ಜಾಸ್ತಿ ನಿಖರ ಅಲ್ವಾ?

ಹೈಪವರ್ ಹವ್ಯಾಸಿ:

ಬ್ಯಾರೆಲ್ ಸವೆದಿದ್ದರೆ 55 ಗ್ರೇನ್ ಕೂಡ ಚೆಲ್ಲಾಪಿಲ್ಲಿಯಾಗುತ್ತಿತ್ತು. ಉದ್ದನೆಯ ತೂತು ಅಂದರೆ ಕೀಹೋಲ್. ಗುಂಡು ಮೂತಿ ಮುಂದೆ ಮಾಡಿಕೊಂಡು ಹೋಗದೆ, ಹೊರಳಿ ಮಗ್ಗುಲಾಗಿ ಕಾಗದಕ್ಕೆ ಬಡಿಯುತ್ತಿದೆ. ನಿಮ್ಮ ಬ್ಯಾರೆಲ್‌ನ ಟ್ವಿಸ್ಟ್ ಎಷ್ಟು? ಹಳೆಯ .223 ಬೋಲ್ಟ್ ರೈಫಲ್‌ಗಳಲ್ಲಿ 1:12 ತುಂಬಾ ಸಾಮಾನ್ಯ. ಅಂದರೆ 12 ಇಂಚು ಸಾಗುವಷ್ಟರಲ್ಲಿ ಗುಂಡು ಒಂದು ಸುತ್ತು ತಿರುಗುತ್ತದೆ. ನಿಮ್ಮದೂ ಅದೇ ಇರಬೇಕು ಅನ್ನಿಸುತ್ತಿದೆ.

ಬ್ಯಾರೆಲ್ ಮೇಲೆ ಬರೆದಿಲ್ಲದಿದ್ದರೆ ಮನೆಯಲ್ಲೇ ಅಳೆಯಬಹುದು. ಮೊದಲು ರೈಫಲ್ ಖಾಲಿ ಇದೆಯೇ ಅಂತ ನೋಡಿ, ಬೋಲ್ಟ್ ಹೊರಗೆ ತೆಗೆದಿಡಿ. ಹಿಡಿ ಸಲೀಸಾಗಿ ತಿರುಗುವ ಕ್ಲೀನಿಂಗ್ ರಾಡ್ ಬೇಕು. ತುದಿಗೆ ಬಿಗಿಯಾದ ಬಟ್ಟೆ ಸಿಕ್ಕಿಸಿ ಒಳಗೆ ತಳ್ಳಿ. ರಾಡ್ ಮೇಲೆ ಒಂದು ಗುರುತು ಹಾಕಿ, ನಿಧಾನಕ್ಕೆ ತಳ್ಳುತ್ತಾ ಹೋಗಿ. ಆ ಗುರುತು ಪೂರ್ತಿ ಒಂದು ಸುತ್ತು ಬರುವಷ್ಟರಲ್ಲಿ ರಾಡ್ ಎಷ್ಟು ಇಂಚು ಒಳಗೆ ಹೋಯಿತೋ ಅದೇ ಟ್ವಿಸ್ಟ್. ಬಟ್ಟೆ ಜಾರಿದರೆ ಲೆಕ್ಕ ತಪ್ಪುತ್ತದೆ. ಎರಡು ಮೂರು ಸಲ ಅಳೆದು ನೋಡಿ.

ಆಸ್ಟಿನ್ ಕನ್ನಡಿಗ:

ಅಳೆದೆ ಸರ್. ಪ್ರತಿ ಸಲವೂ 12ರ ಹತ್ತಿರವೇ ಬಂತು. ಹಾಗಾದರೆ 77 ಗ್ರೇನ್‌ಗೆ ಇದು ಆಗೋದೇ ಇಲ್ವಾ? ತೂಕಕ್ಕೂ ಸುತ್ತಿಗೂ ಏನು ಸಂಬಂಧ?

ಹೈಪವರ್ ಹವ್ಯಾಸಿ:

ಸಂಬಂಧ ತೂಕಕ್ಕಿಂತ ಉದ್ದಕ್ಕೆ ಜಾಸ್ತಿ. ಎಲ್ಲ .223 ಗುಂಡುಗಳ ಅಗಲ ಒಂದೇ, 0.224 ಇಂಚು. ತೂಕ ಹೆಚ್ಚಿಸಬೇಕಾದರೆ ಉದ್ದ ಮಾಡುವುದೊಂದೇ ದಾರಿ. ಸಾಮಾನ್ಯ 55 ಗ್ರೇನ್ ಗುಂಡು ಸುಮಾರು ಮುಕ್ಕಾಲು ಇಂಚು ಉದ್ದ. 77 ಗ್ರೇನ್‌ನದು ಹೆಚ್ಚುಕಡಿಮೆ ಒಂದು ಇಂಚು. ಬುಗುರಿ ಗಿರ್ರನೆ ತಿರುಗುತ್ತಿದ್ದರೆ ನಿಲ್ಲುತ್ತದೆ, ವೇಗ ಸಾಲದಿದ್ದರೆ ಓಲಾಡಿ ಉರುಳುತ್ತದೆ. ಗುಂಡಿನದೂ ಅದೇ ಕತೆ. ಉದ್ದ ಹೆಚ್ಚಿದಷ್ಟೂ ಜೋರಾಗಿ ತಿರುಗಬೇಕು.

ಇದಕ್ಕೆ ಮಿಲ್ಲರ್ ಸೂತ್ರ ಅಂತ ಒಂದು ಲೆಕ್ಕವಿದೆ. ಉತ್ತರ 1ಕ್ಕಿಂತ ಕಡಿಮೆ ಬಂದರೆ ಗುಂಡು ಹೊರಳುತ್ತದೆ, 1.5ರ ಹತ್ತಿರವೋ ಮೇಲೋ ಇದ್ದರೆ ಚಿಂತೆಯಿಲ್ಲ. ಸಿಯೆರಾ ಕಂಪನಿಯ 77 ಗ್ರೇನ್ ಮ್ಯಾಚ್‌ಕಿಂಗ್ ಗುಂಡಿಗೆ ಲೆಕ್ಕ ಹಾಕಿದೆ. 1:12ರಲ್ಲಿ 0.8ರ ಆಸುಪಾಸು, 1:9ರಲ್ಲಿ ಸುಮಾರು 1.35, 1:8ರಲ್ಲಿ 1.7. ನಿಮ್ಮ ಕಾಗದ ಹೇಳುತ್ತಿರುವುದೂ ಅದನ್ನೇ. ಸಿಯೆರಾದವರು ಈ ಗುಂಡಿಗೆ 7ರಿಂದ 8 ಇಂಚಿನ ಟ್ವಿಸ್ಟ್ ಬೇಕು ಅಂತಲೇ ಹೇಳುತ್ತಾರೆ. 69 ಗ್ರೇನ್ ಕೂಡ ನಿಮ್ಮ ಬ್ಯಾರೆಲ್‌ನಲ್ಲಿ ನಿಲ್ಲುವುದಿಲ್ಲ, ದುಡ್ಡು ಹಾಕಬೇಡಿ. ಪೂರ್ತಿ ತಾಮ್ರದ ಗುಂಡು, ಪ್ಲಾಸ್ಟಿಕ್ ಮೂತಿಯ ಗುಂಡುಗಳ ವಿಷಯದಲ್ಲೂ ಹುಷಾರು. ತೂಕ ಕಡಿಮೆ ಅಂತ ಬರೆದಿದ್ದರೂ ಉದ್ದ ಜಾಸ್ತಿ ಇರುತ್ತದೆ.

ಹವೆಯೂ ಸೇರಿಕೊಳ್ಳುತ್ತದೆ. ಚಳಿಯಲ್ಲಿ ಗಾಳಿ ದಟ್ಟವಾಗುತ್ತದೆ, ಗುಂಡು ಸ್ಥಿರವಾಗಿರುವುದು ಇನ್ನೂ ಕಷ್ಟ. 1960ರ ದಶಕದಲ್ಲಿ ಅಮೆರಿಕದ ಸೇನೆ ಎಂ16 ರೈಫಲ್‌ನ ಟ್ವಿಸ್ಟನ್ನು 1:14ರಿಂದ 1:12ಕ್ಕೆ ಬದಲಿಸಿದ್ದು ಇದೇ ಕಾರಣಕ್ಕೆ. ಹಾಗಾಗಿ ಅಂಚಿನಲ್ಲಿರುವ ಟ್ವಿಸ್ಟ್ ಆರಿಸಿಕೊಂಡು ಬೇಸಿಗೆಯಲ್ಲಿ ಖುಷಿಪಟ್ಟರೆ ಸಾಲದು, ಜನವರಿಯ ಮ್ಯಾಚ್‌ನಲ್ಲೂ ಅದು ನಿಲ್ಲಬೇಕು.

ಬೆಂಗಳೂರು ಶೂಟರ್:

ಮಧ್ಯೆ ಬಂದೆ, ಕ್ಷಮಿಸಿ. ನಾನು ಹೊಡೆಯುವುದು 50 ಮೀಟರ್ .22 ಮತ್ತು 10 ಮೀಟರ್ ಏರ್ ರೈಫಲ್. ನಮ್ಮಲ್ಲಿ ತೂಕದ ಪ್ರಶ್ನೆಯೇ ಅಷ್ಟಾಗಿ ಬರುವುದಿಲ್ಲ. ಮ್ಯಾಚ್ ಮದ್ದು ಹೆಚ್ಚುಕಡಿಮೆ ಎಲ್ಲವೂ 40 ಗ್ರೇನ್, ಬ್ಯಾರೆಲ್‌ನ ಟ್ವಿಸ್ಟ್ ಸಾಮಾನ್ಯವಾಗಿ 1:16. ನಾವು ಪರೀಕ್ಷೆ ಮಾಡುವುದು ಲಾಟ್‌ಗಳನ್ನು, ಅಂದರೆ ಒಂದೇ ಸಲಕ್ಕೆ ತಯಾರಾದ ಕಂತುಗಳನ್ನು. ಒಂದೇ ಹೆಸರಿನ ಡಬ್ಬಿಯಾದರೂ ಒಂದು ಲಾಟ್ ನಮ್ಮ ರೈಫಲ್‌ಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಏರ್ ರೈಫಲ್‌ನಲ್ಲಿ ಪೆಲೆಟ್ಟಿನ ತಲೆಯ ಅಳತೆಯನ್ನೂ ನೋಡುತ್ತೇವೆ, 4.49 ಮಿ.ಮೀ. ಅಥವಾ 4.50. ಅಲ್ಲಿ ಹತ್ತರ ಚುಕ್ಕೆ ಬರೀ ಅರ್ಧ ಮಿ.ಮೀ. ಅಲ್ವಾ, ಅಷ್ಟು ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಒಂದು ಕೇಳಬೇಕಿತ್ತು: ಹಗುರ ಗುಂಡು ಇಷ್ಟು ಚೆನ್ನಾಗಿ ಗ್ರೂಪ್ ಕೊಡುವಾಗ 600 ಗಜಕ್ಕೆ ಅದನ್ನೇ ಹೊಡೆದರೆ ಏನು ತೊಂದರೆ?

ಹೈಪವರ್ ಹವ್ಯಾಸಿ:

ಗಾಳಿ. 100 ಗಜದಲ್ಲಿ ಅದು ಗೊತ್ತೇ ಆಗುವುದಿಲ್ಲ. 600 ಗಜದ ಟಾರ್ಗೆಟ್‌ನಲ್ಲಿ ಹತ್ತರ ವೃತ್ತ 12 ಇಂಚು, ಒಳಗಿನ ಎಕ್ಸ್ 6 ಇಂಚು. ಗಂಟೆಗೆ 10 ಮೈಲಿಯ ಅಡ್ಡಗಾಳಿ ಇದ್ದರೆ 52 ಗ್ರೇನ್ ಗುಂಡು 77 ಗ್ರೇನ್‌ಗಿಂತ ಒಂದು ಅಡಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಹಗುರ ಗುಂಡು ಬ್ಯಾರೆಲ್ಲಿಂದ ಜೋರಾಗಿ ಹೊರಡುತ್ತದೆ, ಆದರೆ ದಾರಿಯಲ್ಲಿ ಬೇಗ ಸೋಲುತ್ತದೆ. ಉದ್ದದ, ಚೂಪು ಗುಂಡು ವೇಗ ಉಳಿಸಿಕೊಳ್ಳುತ್ತದೆ. ಭಾರದ ಗುಂಡು ತಾನಾಗೇ ನಿಖರ ಅನ್ನೋದು ಸರಿಯಲ್ಲ. ಗಾಳಿಯನ್ನು ನೀವು ಸ್ವಲ್ಪ ತಪ್ಪಾಗಿ ಓದಿದರೂ ಅದು ಕಡಿಮೆ ಅಂಕ ಕಳೆಯುತ್ತದೆ, ಅಷ್ಟೇ.

ಆಸ್ಟಿನ್‌ನವರೇ, ಈಗಿರುವ ಬ್ಯಾರೆಲ್‌ಗೆ 52 ಅಥವಾ 53 ಗ್ರೇನ್ ಮ್ಯಾಚ್ ಗುಂಡು ಹಾಕಿ. 100, 200 ಗಜದಲ್ಲಿ ಚೆನ್ನಾಗಿ ಹೊಡೆಯುತ್ತದೆ ಅನ್ನೋ ಭರವಸೆ ನನಗಿದೆ. ಮೂರು ಗುಂಡಿನ ಗ್ರೂಪ್ ನೋಡಿ ತೀರ್ಮಾನಿಸಬೇಡಿ, ಹತ್ತು ಹೊಡೆದು ನೋಡಿ. ಮುಂದೆ ಸ್ವಂತ ರೀಲೋಡ್ (ತೋಟಾ ನೀವೇ ತುಂಬಿಕೊಳ್ಳುವುದು) ಶುರು ಮಾಡಿದರೆ ಒಂದು ತೂಕದ ಪೌಡರ್ ಅಳತೆಯನ್ನು ಇನ್ನೊಂದಕ್ಕೆ ಯಾವತ್ತೂ ಬಳಸಬೇಡಿ. ಪ್ರತಿ ಗುಂಡಿಗೂ ಮ್ಯಾನ್ಯುಯಲ್ ನೋಡಲೇಬೇಕು.

ಆಸ್ಟಿನ್ ಕನ್ನಡಿಗ:

53 ಗ್ರೇನ್ ತಂದು ಹೊಡೆದೆ. ತೂತುಗಳೆಲ್ಲ ದುಂಡಗಿವೆ, 200 ಗಜದಲ್ಲೂ ಗ್ರೂಪ್ ಚೆನ್ನಾಗಿ ಕೂತಿದೆ. ತುಂಬಾ ಥ್ಯಾಂಕ್ಸ್ ಸರ್. 600 ಗಜದ ಆಸೆ ಮಾತ್ರ ಬಿಟ್ಟಿಲ್ಲ. ಬ್ಯಾರೆಲ್ ಬದಲಿಸುವುದಾದರೆ 1:9 ಸಾಕಾ?

ಹೈಪವರ್ ಹವ್ಯಾಸಿ:

ಬೇಡ, 1:8 ಹಾಕಿಸಿ. 1:9ರಲ್ಲಿ 69 ಗ್ರೇನ್ ಆರಾಮಾಗಿ ನಡೆಯುತ್ತದೆ, 77 ಅಂಚಿನಲ್ಲಿರುತ್ತದೆ. 1:8 ಇದ್ದರೆ 80 ಗ್ರೇನ್ ಕೂಡ ಹೊಡೆಯಬಹುದು. 80 ಗ್ರೇನ್ ಹಾಕಿದ ತೋಟಾ ಉದ್ದವಾಗುವುದರಿಂದ ಸಾಮಾನ್ಯ ಮ್ಯಾಗಜೀನ್‌ನಲ್ಲಿ ಕೂರುವುದಿಲ್ಲ, ಒಂದೊಂದಾಗಿ ಕೈಯಿಂದ ತುಂಬಬೇಕು. 600 ಗಜದ ಸ್ಲೋ ಫೈರ್‌ನಲ್ಲಿ 20 ಗುಂಡಿಗೆ 20 ನಿಮಿಷ ಇರುತ್ತದೆ, ಹಾಗಾಗಿ ಅದು ತೊಂದರೆಯಲ್ಲ. ಬ್ಯಾರೆಲ್ ಹಾಕುವ ಗನ್‌ಸ್ಮಿತ್‌ಗೆ ಯಾವ ಗುಂಡು ಹೊಡೆಯುತ್ತೀರಿ ಅಂತ ಮೊದಲೇ ಹೇಳಿ, ಚೇಂಬರ್ (ತೋಟಾ ಕೂರುವ ಜಾಗ) ಅದಕ್ಕೆ ತಕ್ಕಂತೆ ಕೊರೆಯುತ್ತಾರೆ.