‘ಲಾಟೀನಿನ ಬೆಳಕಿಗೆ’ ಅಥವಾ ‘ಲಾಟೀನಿನ ಬೆಳಕಿನಲ್ಲಿ’?

ಬಲ್ಲವರಿಗೆಲ್ಲ ನಮಸ್ಕಾರ.

1894–95ರ ಚೀನಾ–ಜಪಾನ್ ಯುದ್ಧದ ಕಾಲದಲ್ಲಿ ಟೋಕಿಯೋದಲ್ಲಿ ಅಚ್ಚಾಗಿ ಮಾರಾಟವಾಗುತ್ತಿದ್ದ ಯುದ್ಧಚಿತ್ರಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ. ಇವುಗಳಲ್ಲಿ ಹಲವು ಮೂರು ಹಾಳೆಗಳನ್ನು ಪಕ್ಕಪಕ್ಕ ಜೋಡಿಸಿ ನೋಡುವಂಥವು. ಬಣ್ಣಕ್ಕೊಂದು ಮರದ ಹಲಗೆ ಕೆತ್ತಿ, ಕೈಯಿಂದ ಒತ್ತಿ ತೆಗೆದವು. ಆದ್ದರಿಂದ ‘ಮುದ್ರಿತ ಚಿತ್ರ’ ಎನ್ನದೆ ‘ಮರದಚ್ಚಿನ ಚಿತ್ರ’ ಎಂದಿದ್ದೇನೆ. ಅದರ ಬಗ್ಗೆ ನನಗೆ ಅನುಮಾನವಿಲ್ಲ.

ಅನುಮಾನವಿರುವುದು ದೀಪದ ಹೆಸರಿನಲ್ಲಿ. ಕತ್ತಲಲ್ಲಿ ನಿಂತ ಸೈನಿಕರು ಕೈದೀಪವೊಂದರಿಂದಷ್ಟೇ ನಮಗೆ ಕಾಣುವ ಚಿತ್ರಕ್ಕೆ ‘ಪಂಜು’, ‘ದೀವಟಿಗೆ’ ಎರಡೂ ಸಲ್ಲವು, ಅವು ಬಯಲಿಗೆ ಉರಿಯುವ ಬೆಂಕಿ. ‘ಲಾಟೀನು’ ಎಂದೊಡನೆ ಸೀಮೆಎಣ್ಣೆಯೂ ಗಾಜೂ ಕಣ್ಣಮುಂದೆ ಬರುತ್ತವೆ. ಜಪಾನಿನ ಹಳೆಯ ಕೈದೀಪವಾದರೋ ಬಿದಿರಿನ ಬಳೆಗಳ ಮೇಲೆ ಕಾಗದ ಹೊದಿಸಿ, ಬೇಡದಾಗ ಮಡಿಚಿಡುವಂಥದು; ಅದಕ್ಕೆ ನಮ್ಮ ಕರಾವಳಿಯ ದೀಪಾವಳಿಯ ‘ಗೂಡುದೀಪ’ ಹತ್ತಿರವಾದರೂ, ಹಬ್ಬದ ವಾಸನೆ ಕಾಳಗಕ್ಕೆ ಒಗ್ಗದು. ‘ಕಂದೀಲು’ ನನಗೆ ಹಿಡಿಸಿದ ಮಾತು: ಅರಬ್ಬೀ ‘ಕಿಂದೀಲ್’ನಿಂದ ಬಂದದ್ದು, ಅದರ ಹಿಂದೆ ಗ್ರೀಕ್ ದಾಟಿ ಬಂದ ಲ್ಯಾಟಿನ್ ‘ಕಂದೇಲ’ ಇದೆ, ಅಂದರೆ ಮೇಣದಬತ್ತಿ. ಆದರೆ ಉತ್ತರ ಕರ್ನಾಟಕದಲ್ಲಿ ಕಂದೀಲೆಂದರೆ ಗಾಜಿನ ಲಾಟೀನೇ ಅಲ್ಲವೆ?

ಎರಡನೆಯ ತೊಡಕು ವಿಭಕ್ತಿಯದು, ನನಗೆ ಹೆಚ್ಚು ಮುಖ್ಯವಾದುದೂ ಅದೇ. ‘ಕಂದೀಲಿನ ಬೆಳಕಿನಲ್ಲಿ ಸೈನಿಕರು’ ಎಂದರೆ ಬೆಳಕು ಅವರು ನಿಂತ ಜಾಗವಾಗುತ್ತದೆ. ‘ಕಂದೀಲಿನ ಬೆಳಕಿಗೆ ಕಂಡ ಸೈನಿಕರು’ ಎಂದರೆ ಆ ಬೆಳಕು ತಗುಲಿದ್ದರಿಂದಲೇ ಅವರು ಇದ್ದಾರೆಂದು ತಿಳಿಯಿತು, ಉಳಿದವರು ಇನ್ನೂ ಕತ್ತಲಲ್ಲಿದ್ದಾರೆ ಎಂಬ ಧ್ವನಿ ಬರುತ್ತದೆ. ಕೊಬಯಾಶಿ ಕಿಯೋಚಿಕನಂಥ (1847–1915) ಕಲಾವಿದನಿಗೆ ಇದೇ ಸರಿಯೆಂದು ನನ್ನ ಎಣಿಕೆ. ಟೋಕಿಯೋದ ಸಂಜೆ, ರಾತ್ರಿ, ದೀಪಗಳನ್ನು 1876ರಿಂದ ಐದು ವರ್ಷ ಚಿತ್ರಿಸಿದ್ದ ಆತ ಯುದ್ಧಚಿತ್ರಗಳಿಗೂ ಆ ಕತ್ತಲನ್ನೇ ತಂದ. ಆತನ ಆ ಮೊದಲ ಬಗೆಗೆ ‘ಕೋಸೆನ್‌ಗ’, ಎಂದರೆ ಬೆಳಕಿನ ಕಿರಣದ ಚಿತ್ರ, ಎಂದೇ ಹೆಸರು. ಆದರೆ ‘ಬೆಳಕಿಗೆ ಬಂದ’ ಎಂಬುದು ಪತ್ರಿಕೆಗಳಲ್ಲಿ ಹಗರಣಗಳಿಗೇ ಮೀಸಲಾದಂತಿರುವುದರಿಂದ, ಓದುವವರು ‘ಬೆಳಕಿಗೆ ಕಂಡ’ ಎಂಬಲ್ಲಿಯೂ ಎಡವಬಹುದೇನೋ.

ಧಾರವಾಡ, ಕಲಬುರಗಿ ಕಡೆಯವರು ಕಾಗದದ ಕೈದೀಪವನ್ನೂ ಕಂದೀಲು ಎನ್ನುತ್ತಾರೆಯೇ? ‘ಬೆಳಕಿಗೆ’ ಎಂಬ ಈ ಚತುರ್ಥಿ ನಿಮ್ಮ ಕಡೆಯ ಆಡುಮಾತಿನಲ್ಲಿಯೂ ಇದೇ ಅರ್ಥದಲ್ಲಿ ಉಳಿದಿದೆಯೇ? ತಿಳಿಸಿದರೆ ಉಪಕಾರವಾಗುತ್ತದೆ.