ಐಸಿಯು ರೌಂಡ್ಸ್‌ನಲ್ಲಿ ಫಾರ್ಮಸಿಸ್ಟ್‌ಗೆ ಏನು ಕೆಲಸ?

ಪ್ರಶ್ನೆ: ನಮ್ಮ ತಾಯಿಯವರು ರಕ್ತದ ಸೋಂಕಿನಿಂದ ಐಸಿಯುವಿನಲ್ಲಿದ್ದಾರೆ, ಮೂತ್ರಪಿಂಡವೂ ದುರ್ಬಲವಾಗಿದೆ. ವೈದ್ಯರ ಜೊತೆ ಬರುವ ಕ್ಲಿನಿಕಲ್ ಫಾರ್ಮಸಿಸ್ಟ್ ಒಬ್ಬರ ಸಲಹೆಯಂತೆ ಮೊದಲ ದಿನ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನ ದೊಡ್ಡ ಡೋಸ್ ಕೊಟ್ಟರು. ಆಮೇಲೆ ರಕ್ತಪರೀಕ್ಷೆ ಮಾಡಿಸಿ ಇಳಿಸಿದರು. ಮೊದಲೇ ಕಡಿಮೆ ಕೊಡಬಹುದಿತ್ತಲ್ಲವೇ? ವೈದ್ಯರಿರುವಾಗ ಇವರ ಪಾತ್ರವೇನು ಎಂದು ದಯವಿಟ್ಟು ತಿಳಿಸಿ, ಮೇಡಂ.

ಉತ್ತರ: ತಾಯಿಯವರ ಕಡತವನ್ನು ನಾನು ನೋಡಿಲ್ಲವಾದ್ದರಿಂದ ಕ್ರಮವನ್ನಷ್ಟೇ ವಿವರಿಸುತ್ತೇನೆ. ಔಷಧವು ಮೈಯಿಡೀ ಹರಡಿ ಬೇಕಾದ ಮಟ್ಟಕ್ಕೆ ಬೇಗ ಏರಲೆಂದು ಮೊದಲ ಡೋಸನ್ನು ಮುಖ್ಯವಾಗಿ ದೇಹದ ತೂಕ ನೋಡಿ ನಿರ್ಧರಿಸುತ್ತಾರೆ. ಮೂತ್ರಪಿಂಡದ ಲೆಕ್ಕ ಬರುವುದು ಔಷಧ ಹೊರಹೋಗುವ ವೇಗಕ್ಕೆ, ಅಂದರೆ ಎರಡನೆಯ ಡೋಸ್‌ನಿಂದ ಮುಂದಕ್ಕೆ. ಮೂತ್ರಪಿಂಡಕ್ಕೆ ಹೆದರಿ ಮೊದಲ ಡೋಸನ್ನೇ ತಗ್ಗಿಸಿದರೆ, ಸೋಂಕು ಅತ್ಯಂತ ತೀವ್ರವಾಗಿರುವ ಹೊತ್ತಿನಲ್ಲೇ ಚಿಕಿತ್ಸೆ ಸಾಲದಾಗುತ್ತದೆ.

ರಕ್ತಪರೀಕ್ಷೆ ಮಾಡಿಸಿದ್ದು ಔಷಧದ ಮಟ್ಟ ಅಳೆಯಲಿಕ್ಕೆ. ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಎಮ್‌ಆರ್‌ಎಸ್‌ಎ ಬ್ಯಾಕ್ಟೀರಿಯಾದ ಗಂಭೀರ ಸೋಂಕುಗಳಲ್ಲಿ, ಮುಂದಿನ ಡೋಸ್‌ಗೆ ಮುಂಚೆ ರಕ್ತದಲ್ಲಿರುವ ವ್ಯಾಂಕೊಮೈಸಿನ್ ಮಟ್ಟವನ್ನು ಲೀಟರ್‌ಗೆ 15ರಿಂದ 20 ಮಿಲಿಗ್ರಾಂನೊಳಗೆ ಹಿಡಿದಿಡುವ ಹಳೆಯ ಪದ್ಧತಿಯನ್ನು 2020ರ ಅಮೆರಿಕದ ಮಾರ್ಗಸೂಚಿ ಕೈಬಿಟ್ಟಿತು. 24 ಗಂಟೆಗಳಲ್ಲಿ ದೇಹಕ್ಕೆ ಸಿಗುವ ಒಟ್ಟು ಔಷಧದ ಸೂಚ್ಯಂಕ 400ರಿಂದ 600ರ ನಡುವೆ ಇರಬೇಕೆಂದಿತು, ಏಕೆಂದರೆ ಹಳೆಯ ಪದ್ಧತಿಯಲ್ಲಿ ಮೂತ್ರಪಿಂಡಕ್ಕೆ ಹಾನಿ ಹೆಚ್ಚು. ಈ ಲೆಕ್ಕ ಹಾಕುವುದು, ಮೆರೊಪೆನೆಮ್‌ನಂತಹ ಆ್ಯಂಟಿಬಯಾಟಿಕ್ ಅನ್ನು ಅರ್ಧ ಗಂಟೆಯ ಬದಲು ಮೂರು ಗಂಟೆ ಹನಿಸಬೇಕೇ ಎಂದು ಸೂಚಿಸುವುದು, ಸೋಂಕಿಗೆ ಕಾರಣವಾದ ರೋಗಾಣು ಯಾವುದೆಂದು ತಿಳಿಸುವ ಕಲ್ಚರ್ ರಿಪೋರ್ಟ್ ಬಂದ ಮೇಲೆ ಯಾವ ಆ್ಯಂಟಿಬಯಾಟಿಕ್ ಇನ್ನು ಬೇಡವೆಂದು ವೈದ್ಯರ ಗಮನಕ್ಕೆ ತರುವುದು, ಇವೆಲ್ಲ ಸೋಂಕುರೋಗಗಳ ಫಾರ್ಮಸಿಸ್ಟ್‌ನ ನಿತ್ಯದ ಕೆಲಸ. ಅಂತಿಮ ನಿರ್ಧಾರ ವೈದ್ಯರದ್ದೇ. ಖರ್ಚು ಉಳಿಸಲು ಔಷಧ ಕಡಿತ ಮಾಡುವವರು ಇವರು ಎಂಬ ಅನುಮಾನ ಸಂಬಂಧಿಕರಲ್ಲಿ ಆಗಾಗ ಕಾಣುತ್ತದೆ; ನನ್ನ ಅನುಭವದಲ್ಲಿ ಡೋಸ್ ಏರಿಸಿ ಎಂದು ಕೇಳುವ ಸಂದರ್ಭಗಳೂ ಕಡಿಮೆಯೇನಲ್ಲ.

ಮರುಪ್ರಶ್ನೆ: ಅಮ್ಮ ಫಿಟ್ಸ್‌ಗೆ ವ್ಯಾಲ್ಪ್ರೊಯೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅದನ್ನು ತಿಳಿಸಬೇಕೇ?

ಉತ್ತರ: ಇಂದೇ ತಿಳಿಸಿ, ಮಾತ್ರೆಯ ಪಟ್ಟಿಯನ್ನೂ ತೋರಿಸಿ. ಮೆರೊಪೆನೆಮ್ ಶುರುವಾದರೆ ರಕ್ತದಲ್ಲಿ ವ್ಯಾಲ್ಪ್ರೊಯೇಟ್ ಮಟ್ಟ ಒಂದೆರಡು ದಿನಗಳಲ್ಲೇ ತೀವ್ರವಾಗಿ ಕುಸಿಯುತ್ತದೆ, ಮಾತ್ರೆಯ ಪ್ರಮಾಣ ಹೆಚ್ಚಿಸಿದರೂ ಸಾಮಾನ್ಯವಾಗಿ ಸರಿಹೋಗುವುದಿಲ್ಲ. ಹೀಗಾಗಿ ಬೇರೆ ಆ್ಯಂಟಿಬಯಾಟಿಕ್ ಅಥವಾ ಇನ್ನೊಂದು ಫಿಟ್ಸ್ ಔಷಧವನ್ನು ಆರಿಸಬೇಕಾಗುತ್ತದೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಇನ್ನೊಬ್ಬ ಸದಸ್ಯರು: ನನ್ನ ಮಗಳು ಫಾರ್ಮ್-ಡಿ (ಡಾಕ್ಟರ್ ಆಫ್ ಫಾರ್ಮಸಿ) ಓದುತ್ತಿದ್ದಾಳೆ. ಈ ದಾರಿ ಹಿಡಿಯಬಹುದೇ, ಮೇಡಂ?

ಉತ್ತರ: ಖಂಡಿತ. ಭಾರತದಲ್ಲಿ 2008ರಲ್ಲಿ ಆರಂಭವಾದ ಈ ಆರು ವರ್ಷದ ಕೋರ್ಸ್‌ನ ಕೊನೆಯ ವರ್ಷ ಇಂಟರ್ನ್‌ಶಿಪ್ ಇರುತ್ತದೆ. ಅಮೆರಿಕದಲ್ಲಿ ಫಾರ್ಮ್-ಡಿ ನಂತರ ಒಂದು ವರ್ಷ ಸಾಮಾನ್ಯ ರೆಸಿಡೆನ್ಸಿ (ಪದವಿಯ ನಂತರದ ಪ್ರಾಯೋಗಿಕ ತರಬೇತಿ), ಮತ್ತೊಂದು ವರ್ಷ ಸೋಂಕುರೋಗಗಳಲ್ಲೇ ರೆಸಿಡೆನ್ಸಿ ಮಾಡುವುದು ರೂಢಿ. ನಮ್ಮಲ್ಲಿ ಇದಕ್ಕೆಂದೇ ಮೀಸಲಾದ ಹುದ್ದೆಗಳು ಇನ್ನೂ ವಿರಳವಾದ್ದರಿಂದ, ಸೂಕ್ಷ್ಮಜೀವಿ ವಿಭಾಗದವರೂ ವೈದ್ಯರೂ ಕೂತು ಆ್ಯಂಟಿಬಯಾಟಿಕ್ ಬಳಕೆಯನ್ನು ನಿಯಮಿತವಾಗಿ ಪರಿಶೀಲಿಸುವ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಸಿಗುವಂತೆ ಪ್ರಯತ್ನಿಸಲು ಹೇಳಿ.